ಒಲೆಯ ಮುಂದೆ ತಲುಪದ ಮಾತು

ಕೆಲವು ವಿವರಗಳು ತಪ್ಪಿರಬಹುದು. ಕೋವಿಡ್ ಮುಗಿದ ಮರುವರ್ಷವೆಂದು ನನ್ನ ನೆನಪು. ಆಗ ನಾನು ಇಚಲಕರಂಜಿಯ ಒಂದು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್, ಅಂದರೆ ಶ್ರವಣಶಕ್ತಿ ಪರೀಕ್ಷಿಸುವವಳು.

ಕಬನೂರಿನ ಗೌರವ್ವ ಸೊಸೆ ಮಹಾದೇವಿಯನ್ನು ಕರೆತಂದಿದ್ದರು. ಇಬ್ಬರೂ ಪವರ್‌ಲೂಮ್‌ನಲ್ಲಿ ದುಡಿದವರು.

"ಡಾಕ್ಟರ ಬಾಯಾರ, ಬೆಕ್ಕು ಹಾಲಿನ ಪಾತೇಲಿ ಮುಟ್ಟಿದ್ರ ಇಕಿಗೆ ಕೇಳಸ್ತೈತಿ. ಒಲಿ ಮುಂದ ನಿಂತಾಗ ನಾ ಮಾತಾಡಿದ್ದಷ್ಟ ಕೇಳಸಂಗಿಲ್ಲ. ಸ್ವಾಂಗ ಮಾಡ್ತಾಳ. ಕಿವಿ ಛಲೋ ಐತಿ ಅಂತ ಬರದ ಕೊಡ್ರಿ, ತವರಮನಿಗೆ ಕಳಸ್ತೀವಿ."

ಸೊಸೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

ಮೊದಲ ಪರೀಕ್ಷೆ ಅತ್ತೆಯ ಪರವಾಗಿಯೇ ಬಂತು. ಬೀಪ್ ಕೇಳಿದಾಗ ಗುಂಡಿ ಒತ್ತುವ ಆಡಿಯೋಗ್ರಾಮ್ ಹೆಚ್ಚುಕಡಿಮೆ ನಾರ್ಮಲ್. ಆದರೆ ಬಾಯಿಗೆ ಕಾಗದ ಅಡ್ಡ ಹಿಡಿದು ನಾನು ಹೇಳಿದ ಪದಗಳು ಆಕೆಗೆ ತಿಳಿಯಲಿಲ್ಲ. ಹಾಗಾಗಿ ಎಬಿಆರ್ ಮಾಡಿದೆ. ತಲೆಗೆ ಇಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು, ನರದ ಉತ್ತರವನ್ನು ಪರದೆಯ ಮೇಲೆ ನೋಡುವ ಪರೀಕ್ಷೆ ಅದು. ಅಲೆಗಳು ಏಳಲೇ ಇಲ್ಲ. ಒಳಕಿವಿಯ ಪರೀಕ್ಷೆ ಮಾತ್ರ ಸರಿಯಿತ್ತು.

ಕಿವಿಯ ನರಕೋಶಗಳ ಪೊರೆಯಲ್ಲಿ ಅಯಾನ್ ಚಾನೆಲ್ ಎಂಬ ಪುಟ್ಟ ಬಾಗಿಲುಗಳಿವೆ. ಸೋಡಿಯಂ ಬಾಗಿಲು ತೆರೆದರೆ ಸಂಕೇತ ಹೊರಡುತ್ತದೆ. ಪೊಟ್ಯಾಶಿಯಂ ಬಾಗಿಲು ಕೂಡಲೇ ತೆರೆದು ಅದನ್ನು ಮುಗಿಸಿ, ಕೋಶವನ್ನು ಮುಂದಿನ ಸಂಕೇತಕ್ಕೆ ಸಜ್ಜುಗೊಳಿಸುತ್ತದೆ. ಹೀಗೆ ಸಾವಿರಾರು ನರಗಳು ಒಂದೇ ಕ್ಷಣಕ್ಕೆ ಮಿಡಿದರೆ 'ಪ' ಮತ್ತು 'ಬ' ಬೇರೆಬೇರೆಯಾಗಿ ಕೇಳುತ್ತವೆ. ಮಹಾದೇವಿಯಲ್ಲಿ ಆ ಹೊಂದಿಕೆ ತಪ್ಪಿತ್ತು. ಕಾರಣ ಬಾಗಿಲುಗಳೋ, ನರದ ಹೊದಿಕೆಯೋ, ನನ್ನ ಪರೀಕ್ಷೆ ಹೇಳಲಾರದು. ಸದ್ದು ಹೆಚ್ಚಿಸಿದ ಮಾತ್ರಕ್ಕೆ ಅದು ಸರಿಹೋಗುವುದೂ ಇಲ್ಲ.

"ಸದ್ದು ಅನ್ನೋ ನೂಲು ಛಲೋನ ಐತ್ರಿ, ಲಾಳಿ ಹೊತ್ತಿಗೆ ಬರವಲ್ದು," ಎಂದು ಅತ್ತೆಗೆ ಮಗ್ಗದ ಮಾತಿನಲ್ಲೇ ಹೇಳಿದೆ.

ಗೌರವ್ವ ಕೇಳಿದರು, "ಹಂಗಾರ ಮಗ್ಗದ ಗದ್ದಲದಾಗ ಇಕಿಗೆ ಎಲ್ಲಾ ಹೆಂಗ ತಿಳೀತೈತ್ರಿ?"

ಉತ್ತರ ಅವರಿಗೇ ಹೊಳೆಯಿತು. ಮಗ್ಗಗಳ ನಡುವೆ ಯಾರ ದನಿಯೂ ಕೇಳದು. ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುತ್ತಾರೆ. ಒಲೆಯ ಮುಂದೆ ಸೊಸೆಯ ಬೆನ್ನು ಅತ್ತೆಯ ಕಡೆಗಿರುತ್ತಿತ್ತು. ಗೌರವ್ವ ಆಕೆಯತ್ತ ತಿರುಗಿ, ದನಿಯೇ ಇಲ್ಲದೆ ತುಟಿ ಆಡಿಸಿದರು. ಚಹಾ ಕುಡಿದೆಯಾ ಎಂದು ಕೇಳಿದ್ದಿರಬೇಕು.

"ನೀವು ಎಲ್ಲಿ ಕುಡಸೀರಿ, ಅತ್ತಿ?" ಎಂದು ಮಹಾದೇವಿ ನಕ್ಕಳು.

ಆಕೆ ತವರಿಗೆ ಹೋಗಲಿಲ್ಲ. ಮುಂದಿನ ಭೇಟಿಯಲ್ಲಿ ತಿಳಿಯಿತು, ಗ್ಯಾಸ್ ಒಲೆಯ ಕಟ್ಟೆಯನ್ನೇ ಬಾಗಿಲಿಗೆ ಎದುರಾಗಿ ಹೊಸದಾಗಿ ಕಟ್ಟಿಸಿದ್ದರಂತೆ. ಸದ್ದು ಕೇಳುವುದು ಬೇರೆ, ಮಾತು ತಲುಪುವುದು ಬೇರೆ ಎಂದು ಪುಸ್ತಕದಲ್ಲಿ ಓದಿದ್ದೆ. ಮಾತು ತಲುಪಿಸಲು ಮನೆಯವರೇ ಜಾಗ ಬದಲಿಸಬೇಕೆಂದು ತೋರಿಸಿಕೊಟ್ಟವರು ಗೌರವ್ವ. ಅವರಿಗೆ ನಾನು ಇಂದಿಗೂ ಋಣಿ.

ಆ ವಾರವೇ ಗಡಹಿಂಗ್ಲಜದಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ಕರೆದರೆ ಎಷ್ಟೋ ಸಲ ಓಗೊಡದಿದ್ದ, ಈಗ ತೀರಿಹೋದ ಅಪ್ಪನನ್ನು ನಾವೆಲ್ಲ ಬಿಗುಮಾನದವನೆಂದೇ ತಿಳಿದಿದ್ದೆವು.

"ಅವ್ವಾ, ಅಪ್ಪ ಓ ಅನಲಾರದಾಗ ನಾವು ಅವನ ಬೆನ್ನ ಹಿಂದ ನಿಂತಿರ್ತಿದ್ವೇನ?"