ದವಾಖಾನೆಯ ಶೇಂಗಾ ಹೋಳಿಗೆ

ಇವತ್ತು ಮುಂಜಾನೆ ಕಿಣ್ಣಿ ಸುಲ್ತಾನ ಊರಿನ ಅಜ್ಜನೊಬ್ಬ ನನ್ನ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ. ಶೇಂಗಾ ಹೋಳಿಗೆಯ ವಾಸನೆ ಘಮ್ಮೆಂದಿತು. ಹಲ್ಲಿನ ಡಾಕ್ಟರಾದವನು ಇಂಥ ಹೊತ್ತಿಗೆ ಸಿಟ್ಟಾಗಬೇಕು. ನಾನು ಮಾತ್ರ ಹೊರಗಿನ ಸದ್ದಿಗೆ ಕಿವಿಗೊಟ್ಟೆ. ಹೊರಗಿನ ಮೇಜಿನ ಶರಣಮ್ಮಕ್ಕ ತಿರುಗಿ ಬರುತ್ತಾಳೋ ಇಲ್ಲವೋ ಎಂಬ ಚಿಂತೆ ನಿನ್ನೆ ಸಂಜೆಯಿಂದ ಕೊರೆಯುತ್ತಿತ್ತು. ಆದರೆ ಅಜ್ಜ ಮನೆಯಲ್ಲೇ ತಿಂದು ಬಂದಿರಲೂಬಹುದಲ್ಲ? ಹೊರಗೆ ಹಣಕಿ ನೋಡಲು ಧೈರ್ಯವಾಗಲಿಲ್ಲ. ಅಜ್ಜನ ದವಡೆಗೆ ಸೂಜಿ ಹಾಕಿದ್ದೇನೆ. ಜೋಮು ಹಿಡಿಯುವತನಕ ನನ್ನ ಪುರಾಣ ಕೇಳಿ.

ಆಳಂದದಲ್ಲಿ ನಾನು ದವಾಖಾನೆ ತೆರೆದಾಗಿನಿಂದ ಹೊರಗಿನ ಮೇಜಿಗೆ ಶರಣಮ್ಮಕ್ಕನೇ ಕೂಡುತ್ತಿದ್ದಳು. ಹೆಸರು ಬರೆದುಕೊಂಡು ಸರತಿಯಂತೆ ಒಳಗೆ ಕಳಿಸುವುದು ಅವಳ ಕೆಲಸ. ಅವಳು ತಿಳಿದುಕೊಂಡ ಕೆಲಸವೇ ಬೇರೆ. ಹೊಸ್ತಿಲು ದಾಟಿದವರೆಲ್ಲ ಅವಳಿಗೆ ಬೀಗರು. ಚಹಾ ಕೊಡಬೇಕು, ಮಂಡಕ್ಕಿ ಸುಸಲಾ ಕೊಡಬೇಕು, ಹಬ್ಬ ಹತ್ತಿರವಿದ್ದರೆ ಹೋಳಿಗೆ ಕೊಡಬೇಕು. ಮಟಕಿ ಊರಿನಿಂದ ಹಲ್ಲು ಸ್ವಚ್ಛ ಮಾಡಿಸಲು ಬಂದವರ ಬಾಯಲ್ಲಿ ನಾನು ಮೊದಲು ಶೇಂಗಾ ಹೆಕ್ಕಬೇಕು. ನೀವೇ ಹೇಳಿ, ಇದಕ್ಕಾಗಿ ಐದು ವರ್ಷ ಓದಿದೆನೇ? ಬೇಡ ಅಕ್ಕಾ ಅಂದರೆ ಎಲ್ಲರ ಎದುರೇ ಅಂದುಬಿಡುವಳು:

"ಹಸಕೊಂಡು ಬಂದವ್ರ ಹಲ್ಲ ಕಿತ್ರ ಪಾಪ ಹತ್ತತೈತಿ ತಮ್ಮಾ. ನೀ ಮೊದ್ಲ ಕೈ ತೊಳಕೊಂಡೀಯೇನು?"

ಒಮ್ಮೆ ಮಣ್ಣೂರಿನ ಕಾಕಾ ಒಬ್ಬರ ಹಲ್ಲು ಕಿತ್ತು, ಬಿಸಿ ಏನೂ ಕುಡಿಯಬೇಡಿ ಎಂದು ಹೇಳಿ ಕಳಿಸಿದೆ. ಅಕ್ಕ ಹೊರಗೆ ಕುದಿಕುದಿ ಚಹಾ ಕೊಟ್ಟಳು. ಅಫಜಲಪುರ ಮುಟ್ಟುವಷ್ಟರಲ್ಲಿ ರಕ್ತ ಸುರಿದು, ಕಾಕಾ ಧೋತರದ ಚುಂಗು ಬಾಯಿಗೆ ತುರುಕಿಕೊಂಡು ಅದೇ ಬಸ್ಸಿಗೆ ವಾಪಸು ಬಂದರು. ಚಹಾ ಮಾತ್ರ ಬಹಳ ಚಲೋ ಇತ್ತು ಎಂದು ಕೈಸನ್ನೆ ಮಾಡಿದರು. ಅವತ್ತು ನನ್ನ ತಾಳ್ಮೆ ಕೆಟ್ಟಿತು. ಮನೆಮಂದಿಯಂಥವರ ಸಹವಾಸ ಸಾಕು, ಇನ್ನು ಕಂಪನಿಯ ಮಂದಿಯೇ ಬರಲಿ ಎಂದು ಕಲಬುರಗಿಯ ಒಂದು ಏಜೆನ್ಸಿಗೆ ಕೆಲಸ ವಹಿಸಿದೆ. ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು, ಅವರು ಬಂದವರಿಗೆ ಚಹಾ ಕೊಡುತ್ತಾರೇನು ಅಂತ. ಇಲ್ಲವೆಂದೆ. ತನ್ನ ಚಹಾದ ಕಿಟಲಿ ಎತ್ತಿಕೊಂಡು ಹೋದಳು.

ಏಜೆನ್ಸಿಯ ಹುಡುಗಿ ನೀಲಿ ಕೋಟು ಹಾಕಿಕೊಂಡು ಬಂದಳು. ಬಾಗಿಲಿಗೆ ಬಂದವರನ್ನು ಅಪಾಯಿಂಟ್‌ಮೆಂಟ್ ಇದೆಯೇ ಎಂದು ನಯವಾಗಿ ಕೇಳುತ್ತಿದ್ದಳು. ನಮ್ಮ ಕಡೆ ‘ಬರ್ರಿ, ಕೂಡ್ರಿ’ ಅನ್ನದ ಮನೆಗೆ ಯಾರು ಕಾಲಿಡುತ್ತಾರೆ? ಬಾತುಕೊಂಡ ಗಲ್ಲ ಹಿಡಿದುಕೊಂಡೇ ಜನ ತಿರುಗಿ ಹೋದರು. ದವಾಖಾನೆಯಲ್ಲಿ ನಾನು ಫ್ಯಾನು ನೋಡುತ್ತ ಕೂತೆ. ಇವರೆಲ್ಲ ಎಲ್ಲಿ ಹೋಗುತ್ತಾರೆಂದು ಹುಡುಕಿಕೊಂಡು ಹೊರಟರೆ, ಶರಣಮ್ಮಕ್ಕನ ಮನೆಯ ಕಟ್ಟೆ ತುಂಬಿ ತುಳುಕುತ್ತಿತ್ತು. ಎಲ್ಲರೂ ನೋವಿಲ್ಲದ ಮಗ್ಗುಲಿನಿಂದ ಸುಸಲಾ ಅಗಿಯುತ್ತಿದ್ದರು. ಡಾಕ್ಟರು ಇಲ್ಲಿಗೇ ಬಂದರೆ ಚಲೋ ಆಗುತ್ತದೆ ಎಂದು ಒಬ್ಬರು ಸಲಹೆಯನ್ನೂ ಕೊಟ್ಟರು. ನಟ್ಟನಡುವೆ ನಮ್ಮ ಏಜೆನ್ಸಿಯ ಹುಡುಗಿ ಕೋಟು ಬಿಚ್ಚಿಟ್ಟು, ಇನ್ನಷ್ಟು ಹಾಕ್ರಿ ಅನ್ನುತ್ತಿದ್ದಳು.

ಏಜೆನ್ಸಿಗೆ ಫೋನು ಮಾಡಿ ಕೂಗಾಡಿದೆ. ಅವರು ಬಹಳ ಮರ್ಯಾದೆಯಿಂದ, ಊರಿನ ಜನರನ್ನು ಬಲ್ಲ ಅನುಭವಸ್ಥರನ್ನೇ ಕಳಿಸುತ್ತೇವೆ ಅಂದರು. ಸೋಮವಾರ ಕಳಿಸಿದರು. ನೀಲಿ ಕೋಟು, ಕೊರಳಲ್ಲಿ ಕಾರ್ಡು, ಶರಣಮ್ಮಕ್ಕ!

"ನಮಸ್ಕಾರ ಸರ್," ಅಂದಳು.

ತರಬೇತಿ ಕೊಟ್ಟು ಕಳಿಸಿದ್ದರು. ಜನ ಮತ್ತೆ ಬಂದರು, ಅವಳ ಮುಖ ನೋಡಿ. ಚಹಾ ಕೊಡುವುದು ನಿಂತಿತು, ಎಲ್ಲರ ಬಾಯಿ ಸ್ವಚ್ಛ, ಸರತಿ ತಪ್ಪುತ್ತಿರಲಿಲ್ಲ. ನಾನು ಬೇಡಿದ್ದೆಲ್ಲ ಸಿಕ್ಕಿತ್ತು. ಆದರೆ ಆ ‘ಸರ್’ ಅನ್ನುವುದು ಕಿವಿಗೆ ಬಿದ್ದಾಗಲೆಲ್ಲ ನಾನೇ ಬೇರೆಯವರ ದವಾಖಾನೆಗೆ ಬಂದಂತಾಗುತ್ತಿತ್ತು. ಊಟ ಆಯ್ತೇನಕ್ಕಾ ಅಂದರೆ, ಡ್ಯೂಟಿಯಲ್ಲಿ ಬ್ಯಾರೆ ಮಾತು ಆಡಂಗಿಲ್ರಿ ಸರ್ ಅನ್ನುವಳು. ಬೇಕಂತಲೇ ಕೈ ತೊಳೆಯದೆ ಅವಳೆದುರು ಅಡ್ಡಾಡಿದೆ. ಅವಳು ಮುಂದಿನವರ ಹೆಸರು ಕೂಗಿದಳು, ಅಷ್ಟೇ.

ಅವಳನ್ನು ನಮಗೇ ಬಿಟ್ಟುಕೊಡಿ ಎಂದು ಏಜೆನ್ಸಿಯವನಿಗೆ ಅಂಗಲಾಚಿದೆ.

"ಕಂಪನಿ ಮಂದಿನ ನೀವು ಸೀದಾ ತಗೋಳಂಗಿಲ್ರಿ ಸಾಹೇಬ್ರ," ಅಂದ. "ಒಂದ್ ವರ್ಷ ಕರಾರ್ ಐತ್ರಿ. ನೀವ ಸಹಿ ಮಾಡೀರಿ."

ನೋಡಿ, ನನ್ನ ಶರಣಮ್ಮಕ್ಕನನ್ನು ನನ್ನಿಂದ ಕಾಯುವ ಕರಾರಿಗೆ ನನ್ನದೇ ಸಹಿ. ಆ ಕರಾರು ನಿನ್ನೆ ಮುಗಿಯಿತು. ನಾಳೆಯಿಂದ ನಮ್ಮವಳಾಗಿಯೇ ಬಾ ಅಂದೆ. ವಿಚಾರ ಮಾಡ್ತೇನ್ರಿ ಸರ್ ಅಂದವಳು ಕೋಟು ಮಡಚಿ ಮೇಜಿನ ಮೇಲಿಟ್ಟು ಹೋದಳು.

ಅಜ್ಜನಿಗೆ ಈಗ ಜೋಮು ಹಿಡಿದಿದೆ. ಹೋಳಿಗೆ ಎಲ್ಲಿ ತಿಂದಿರಿ ಎಂದು ಕೇಳಿದರೆ ತುಟಿಯೇ ಏಳಲೊಲ್ಲದು. ಇಕ್ಕಳ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಪರದೆಯ ಆಚೆಯಿಂದ, ಕೂತ ಮಂದಿಯೆಲ್ಲ ಕೇಳುವಂತೆ:

"ತಮ್ಮಾ, ಕೈ ತೊಳಕೊಂಡೀಯೇನು?"

ತೊಳೆದುಕೊಂಡಿದ್ದೆ. ಆದರೂ ಇಕ್ಕಳ ಕೆಳಗಿಟ್ಟು, ಹೋಗಿ ಮತ್ತೊಮ್ಮೆ ತೊಳೆದುಕೊಂಡು ಬಂದೆ.