ಹುಳದ ಮನೆಯ ಮೂಲೆ, ಭದ್ರಮ್ಮನ ಹಲ್ಲು

ಸಾತನೂರಿನ ಭದ್ರಮ್ಮನಿಗೆ ಅಗಿಯೋಕೆ ಅಂತ ಉಳಿದಿದ್ದು ಎಡಗಡೆಯ ಒಂದೇ ದವಡೆ ಹಲ್ಲು. ಅದಕ್ಕೂ ಹುಳುಕು ಬಿದ್ದು ಕೆನ್ನೆ ಊದಿಕೊಂಡಾಗ ಗಂಡ ಮಂಚಯ್ಯ, "ಕಿತ್ತಾಕ್ಸಮ್ಮಿ, ಪೀಡೆ ತೊಲಗ್ಲಿ" ಅಂದ.

"ಆಮೇಕೆ ಹುರಿಗಾಳು ನಿನ್ ಬಾಯಲ್ಲಿ ಅಗೀಲಾ?" ಅಂದವಳೇ ಕನಕಪುರದ ಬಸ್ಸು ಹತ್ತಿದಳು.

ಹಲ್ಲಿನ ಡಾಕ್ಟರು ಅಸ್ರಾ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಸಡಿಗೆ ಸೂಜಿ ಚುಚ್ಚಿ, ಹಲ್ಲು ಕೊರೆದು, ಬೇರಿನೊಳಕ್ಕೆ ಔಷಧಿ ನೀರು ಬಿಟ್ಟು ತೊಳೆದಳು. ವಾಸನೆ ಮೂಗಿಗೆ ಬಡಿದದ್ದೇ ಭದ್ರಮ್ಮನ ಕಣ್ಣು ಅರಳಿತು. ಬಾಯಿ ಬಿಡುವಾದ ಕೂಡಲೇ ಕೇಳಿದಳು:

"ಡಾಕ್ಟ್ರಮ್ಮ, ಇದು ಬ್ಲೀಚಿಂಗು ಅಲ್ವಾ? ನಮ್ ರೇಷ್ಮೆಹುಳದ ಮನೆ ತೊಳಿಯೋದು!"

"ಅದೇ ಜಾತಿ ಅಮ್ಮ. ಆದ್ರೆ ಇದು ಹಲ್ಲಿಗೇ ಅಂತ ಮಾಡಿದ್ದು, ನೀವು ಹುಳದ ಮನೇದನ್ನ ಬಾಯಿಗೆ ಹಾಕ್ಕೊಂಡ್ಬಿಟ್ಟೀರಿ ಮತ್ತೆ! ಒಳಗೆ ಒಂಥರಾ ಸುಣ್ಣ ಇಟ್ಟು ಮುಚ್ಚಿದೀನಿ. ನೋವು ನಿಂತ್ರೂ ಮುಂದಿನ ಗುರುವಾರ ಬರ್ಲೇಬೇಕು."

ಎರಡು ದಿನ ಹಲ್ಲು ಕುಟುಕಿತು. ಪಕ್ಕದ ಮನೆ ಜ್ಯೋತಿಲಕ್ಷ್ಮಿ ಹೊಗೆಸೊಪ್ಪಿನ ಚೂರು ತಂದು, "ಒಸಿ ಒತ್ತಿಟ್ಕೊ ಅಕ್ಕಾ" ಅಂದಳು.

"ಆಚೆ ಮಡಗೇ! ಹುಳ ನಾಲ್ಕನೇ ಜ್ವರ ಮುಗ್ಸಿ, ಪೊರೆ ಬುಟ್ಟು ಎದ್ದವೆ. ಹೊಗೆಸೊಪ್ಪು ಮುಟ್ಟಿದ ಕೈಲಿ ಸೊಪ್ಪು ಹಾಕುದ್ರೆ ತಟ್ಟೆ ತಟ್ಟೇನೇ ಸಾಯ್ತವೆ."

ಉಂಡ ಮೇಲೆ ಡಾಕ್ಟರು ಕೊಟ್ಟ ಮಾತ್ರೆ, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸೋದು, ಅಷ್ಟೇ. ಮುದ್ದೆ ನುಂಗೋಕೆ ಹಲ್ಲು ಬೇಡವಲ್ಲ. ಮೂರನೇ ದಿನಕ್ಕೆ ನೋವು ನಿಂತಿತು.

ಗುರುವಾರ ಬೆಳಗ್ಗೆ ನೋಡಿದರೆ ಹುಳಗಳು ಹಣ್ಣಾಗಿ ಗೂಡು ಕಟ್ಟೋಕೆ ತಲೆ ಎತ್ತಿದ್ದವು. ಆರಿಸಿ, ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ಕಂಡಲ್ಲಿ ನೂಲು ಬಿಡುತ್ತವೆ.

"ನೋವಿಲ್ವಲ್ಲ, ಹಲ್ಲು ಇನ್ನೊಂದ್ ವಾರಕ್ಕೆ ನೋಡುದ್ರಾಯ್ತು. ಹುಳ ಕಾಯ್ತವಾ?" ಅಂದ ಮಂಚಯ್ಯ.

"ನಮ್ ಮೊದಲ್ನೇ ಬೆಳೆ ಮರ್ತ್ಯಾ? ಮನೆಯೆಲ್ಲ ತೊಳ್ದು ಒಂದು ಮೂಲೆ ಬುಟ್ಟಿದ್ವಿ. ನೋಡೋಕೆ ಪಳಪಳ ಅಂತಿತ್ತು. ಅಲ್ಲಿ ಕೂತಿದ್ದ ರೋಗ ಅಷ್ಟೂ ಹುಳಾನ ಕೊಳೆಸ್ತು. ಆ ಮೂಲೆ ಬುಟ್ಟೋನು ಯಾರು?"

ಮಂಚಯ್ಯ ಕೆಮ್ಮಿ, ತಟ್ಟೆ ಎಳೆದುಕೊಂಡು ಹುಳ ಆರಿಸಲು ಕೂತ. ಜ್ಯೋತಿಲಕ್ಷ್ಮಿಯನ್ನೂ ಕೂರಿಸಿ, ಮಧ್ಯಾಹ್ನದೊಳಗೆ ಬರುತ್ತೇನೆಂದು ಭದ್ರಮ್ಮ ಹೊರಟಳು.

ಅಸ್ರಾ ಹಲ್ಲು ತೆರೆದು ನೋಡಿದಳು. "ಎರಡು ಬೇರು ಒಣಗಿವೆ ಅಮ್ಮ. ಮೂರನೇದ್ರಲ್ಲಿ ಇನ್ನೂ ಕೀವು ಜಿನುಗ್ತಾ ಇದೆ. ಬರದೇ ಬಿಟ್ಟಿದ್ರೆ ಹಲ್ಲು ಕೈಬಿಡ್ತಿತ್ತು."

"ಅದೇ ಮೂಲೆ ಕಣವ್ವಾ. ಇನ್ನೊಂದ್ಸಲ ತೊಳ್ದು ಮುಚ್ಚಿ. ಇನ್ನೊಂದ್ ವಾರ ತಾನೇ, ನಾನೇನ್ ಓಡೋಗಲ್ಲ."

ಮೂರನೇ ಗುರುವಾರ ಬೇರು ತುಂಬಿಸಿದ್ದಾಯಿತು. ಕೊನೆಗೆ ಹಲ್ಲಿನ ಮೇಲೆ ಕ್ಯಾಪು ಅನ್ನೋ ಟೋಪಿಯೂ ಬಂತು. ಗೂಡು ಮಾರ್ಕೆಟ್ಟಿಗೆ ಹೋಗಿ ಹುಳದ ಮನೆ ಖಾಲಿಯಾಗಿತ್ತು. ಮಂಚಯ್ಯ ಒಳಗೆ ಬ್ಲೀಚಿಂಗ್ ನೀರು ಸಿಂಪಡಿಸುತ್ತಿದ್ದ. ಭದ್ರಮ್ಮ ಜಗುಲಿಯ ಮೇಲೆ ಕೂತು ಒಂದು ಹುರಿಗಾಳನ್ನು ಎಡಗಡೆಗೆ ತಳ್ಳಿ ಕಟುಂ ಅನ್ನಿಸಿದಳು.

"ಮೂಲೆ!" ಎಂದು ಕೂಗಿದಳು.

"ಅಲ್ಲಿಂದ್ಲೇ ಸುರು ಮಾಡಿವ್ನಿ ಕಣಮ್ಮಿ. ನೀನ್ ಅಗಿ."