ಓಣಿ ಅಳೆಯುವ ಮಗ
ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ನಗರ ಯೋಜನೆ ಓದುವ ನಾಗಾರ್ಜುನ ತನ್ನೂರು ಬಾಬುರಾಯನಕೊಪ್ಪಲಿಗೆ ಬಂದರೆ ಕಾಲು ತೊಳೆಯುವ ಮೊದಲೇ ಟೇಪು ಬಿಚ್ಚಿ ಓಣಿ ಅಳೆಯುತ್ತಾನೆ. ಉಣ್ಣಲು ಕೂತರೆ ಮುದ್ದೆಯ ಸುತ್ತ ಸಾರಿನಲ್ಲೇ ವರ್ತುಲ ರಸ್ತೆ ಬಿಡಿಸುತ್ತಾನೆ. ತಿಪ್ಪೆಯನ್ನು ಉದ್ಯಾನ ಎನ್ನುವ ಈ ಮಗನಿಂದ ಮಂಚಮ್ಮನಿಗೆ ತಲೆ ಚಿಟ್ಟು ಹಿಡಿದುಹೋಗಿದೆ. ಓಣಿಗೆ ಚಾಚಿದ ಜಗಲಿಗಳನ್ನೆಲ್ಲ ಒಡೆಯಬೇಕೆಂದು ಅವನು ಮನೆಮನೆಗೂ ಹೇಳಿದ. “ಮೊದ್ಲು ನಿಮ್ಮವ್ವನ್ ಜಗ್ಲಿ ಒಡಿಯಲಾ,” ಎಂದ ಎದುರುಮನೆ ಶಿವಲಿಂಗಯ್ಯ. ಇವನು ಒಡೆದೇಬಿಟ್ಟ! ಸಂಜೆ ಕೂರುವ ಜಾಗ ಹೋದ ಸಿಟ್ಟಿಗೆ ಮಂಚಮ್ಮ ಮಗನ ಜೊತೆ ಮಾತು ಬಿಟ್ಟಳು. ತೆರವಾದ ಜಾಗಕ್ಕೆ ಶಿವಲಿಂಗಯ್ಯ ತನ್ನ ಗಾಡಿ ತಂದು ನಿಲ್ಲಿಸಿದ. ಮರುದಿನ ಎತ್ತು ಹೂಡಲು ಬಂದರೆ, ಗಾಡಿಯ ಮೇಲೆ ಎಲೆಅಡಿಕೆ ಹರವಿಕೊಂಡು ಮಂಚಮ್ಮ ಕೂತಿದ್ದಳು: “ಇದು ನನ್ ಮಗ ಬುಡ್ಸಿರೋ ರಸ್ತೆ ಕನಣ್ಣಾ. ಇಲ್ಲಿ ಗಾಡಿ ನಿಲ್ಸುದ್ರೆ, ಅದೇ ನನ್ ಜಗ್ಲಿ.”